ಉಣ್ಣೆ ಹೊದ್ದ ರೋಲ್ಸ್ ರಾಯ್ಸ್: ಒಂದು ಸ್ಪಷ್ಟನೆ

‘ಹೊರಮೈಗೆಲ್ಲ ಸೂಟಿನ ಉಣ್ಣೆ ಬಟ್ಟೆ ಹೊದಿಸಿದ ರೋಲ್ಸ್ ರಾಯ್ಸ್, ಲಂಡನ್ನಿನ ಸ್ಯಾವಿಲ್ ರೋ ದರ್ಜಿಗಳ ಕೈಕೆಲಸ’ ಎಂಬ ಸಂದೇಶವೊಂದು ಚಿತ್ರಸಮೇತ ವಾಟ್ಸ್ಯಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಅದರಲ್ಲಿ ಕಾರಿನ ಹೆಸರೂ ತಪ್ಪು, ಬಟ್ಟೆ ಇರುವ ಜಾಗವೂ ತಪ್ಪು.

ಅದು ಬೆಂಟ್ಲಿ. ಚಿತ್ರದಲ್ಲಿರುವ ಸ್ಟಿಯರಿಂಗ್ ಮೇಲೆಯೇ ರೆಕ್ಕೆಗಳ ನಡುವೆ ‘ಬಿ’ ಅಕ್ಷರ ಕಾಣುತ್ತದೆ. ಗ್ರಾಹಕರ ಇಷ್ಟದಂತೆ ಕಾರು ರೂಪಿಸುವ ಕಂಪನಿಯ ಮುಲಿನರ್ ವಿಭಾಗ 2021ರಲ್ಲಿ ಪ್ರಕಟಿಸಿದಂತೆ, ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆ ಬಳಸುವುದು ಕಾರಿನ ಒಳಗೆ, ಮುಖ್ಯವಾಗಿ ಬಾಗಿಲುಗಳ ಒಳಬದಿಗೆ. ಹೊರಗೆ ಎಂದಿನ ಲೋಹ, ಎಂದಿನ ಬಣ್ಣ. (ಇಂಗ್ಲೆಂಡಿನ ಮಳೆಯಲ್ಲಿ ಉಣ್ಣೆಯ ಕಾರು ಎಷ್ಟು ದಿನ ಬಾಳೀತು?) ಬಟ್ಟೆ ಬರುವುದು ಸ್ಕಾಟ್ಲೆಂಡಿನ ಹಾಯಿಕ್ ಪಟ್ಟಣದ ಲೊವಾಟ್ ಗಿರಣಿಯಿಂದ.

ಹೆಸರಿನ ಗೊಂದಲಕ್ಕೆ ಕಾರಣವಿಲ್ಲದಿಲ್ಲ. 1931ರಲ್ಲಿ ಬೆಂಟ್ಲಿಯನ್ನು ಕೊಂಡದ್ದೇ ರೋಲ್ಸ್ ರಾಯ್ಸ್. ದಶಕಗಳ ಕಾಲ ಎರಡೂ ಒಂದೇ ಮನೆಯಲ್ಲಿದ್ದವು. 1998ರಲ್ಲಿ ಬೆಂಟ್ಲಿ ಫೋಕ್ಸ್‌ವ್ಯಾಗನ್ ಪಾಲಾಯಿತು, ಕಾರುಗಳು ಇಂದಿಗೂ ಇಂಗ್ಲೆಂಡಿನ ಕ್ರೂ ಊರಿನಲ್ಲೇ ತಯಾರಾಗುತ್ತವೆ. ರೋಲ್ಸ್ ರಾಯ್ಸ್ ಕಾರುಗಳು 2003ರಿಂದ ಬಿಎಂಡಬ್ಲ್ಯು ಒಡೆತನದಲ್ಲಿ ಗುಡ್‌ವುಡ್‌ನಲ್ಲಿ ಸಿದ್ಧವಾಗುತ್ತಿವೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.