ಕೆ.ಆರ್. ನಾರಾಯಣನ್ ಅವ್ರ ಬಗ್ಗೆ ಲೇಖನ ಓದಿ
ನಿಮ್ಮ ಲೇಖನದಾಗ ಮಾಜಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವ್ರ ಶಿಕ್ಷಣದ ವಿಚಾರ ಚಲೋ ಬರದೀರಿ, ಆದ್ರ ರಾಷ್ಟ್ರಪತಿ ಆದದ್ದನ್ನ ಜಾಸ್ತಿ ಹೇಳೀರಿ, ಅದಕ್ಕೂ ಮೊದಲ 1976ರಾಗ ಚೀನಾಕ್ಕ ರಾಯಭಾರಿ ಆಗಿ ಹೋಗಿ ಬಂದು 1979ರಾಗ ದಿಲ್ಲಿಯ ಜವಾಹರಲಾಲ್ ನೆಹರೂ ಯೂನಿವರ್ಸಿಟಿ (ಜೆಎನ್‌ಯು) ಕುಲಪತಿ ಆಗಿದ್ರು, ಆಮ್ಯಾಲೆ ಅಮೆರಿಕಾಕ್ಕೂ ರಾಯಭಾರಿ ಆಗಿ ಹೋದ್ರು. ಅಂಥಾವ್ರು ಸಣ್ಣವ್ರಿದ್ದಾಗ ಕೇರಳದಾಗ ಫೀ ಕಟ್ಟಾಕ ರೊಕ್ಕ ಇಲ್ದ ಕ್ಲಾಸಿನ ಹೊರಗ ನಿಂತು ಪಾಠ ಕೇಳಿದವ್ರು.

ಇದನ್ನ ಯಾಕ ಹೇಳಾಕತ್ತೀನಿ ಅಂದ್ರ ನಾನು ಗದಗ ಜಿಲ್ಲಾದಾಗ ಒಂದು ಕಾಲೇಜಿನ್ಯಾಗ ಗೆಸ್ಟ್ ಲೆಕ್ಚರರ್ ಇದ್ದೀನ್ರಿ, ಹೋದ ವರ್ಷ ಪರೀಕ್ಷಾ ಮುಂದ ರೋಣದ ಕಡಿಂದ ಬಸ್ ಪಾಸ್ ಮ್ಯಾಲೆ ಬರೂ ಒಂದು ಹುಡುಗಿ ಆಫೀಸಿನ ಕಿಡಕಿ ಮುಂದ ಬ್ಯಾಂಕ್ ಪಾಸ್‌ಬುಕ್ ಹಿಡಕೊಂಡು ನಿಂತಿತ್ತು, ಸ್ಕಾಲರ್‌ಶಿಪ್ ಇನ್ನೂ ಜಮಾ ಆಗಿಲ್ರಿ ಸರ್ ಅಂತ ಪಾಸ್‌ಬುಕ್ ತೆಗದ ತೆಗದ ತೋರಸ್ತಿತ್ತು, ಒಳಗ ಕುಂತವ್ರು ಫೀ ಬಾಕಿ ಐತಿ ಹಾಲ್ ಟಿಕೆಟ್ ಕೊಡೂದಿಲ್ಲ ಅಂದ್ರು. ಕೈಯಾಗಿನ ಬೆವರಿಗೆ ಪಾಸ್‌ಬುಕ್ಕಿನ ರಟ್ಟು ಮೆತ್ತಗಾಗಿತ್ತು. ಕಡೀಕ ನಾವ ಮಾಸ್ತರಗೋಳು ಪಟ್ಟಿ ಹಾಕಿ ರೊಕ್ಕ ತುಂಬಿದ್ವಿ, ಆದ್ರ ಎಷ್ಟ ಮಂದಿಗೆ ಹಿಂಗ ತುಂಬಾಕ ಆಗ್ತೈತ್ರಿ?

ನಮ್ಮ ಧಾರವಾಡಕ್ಕೂ ದೊಡ್ಡವ್ರು ಬಂದು ಹೋಗ್ಯಾರ, ಡಿ.ಸಿ. ಪಾವಟೆ ಅವ್ರು 1954ರಿಂದ 1967ರ ತನಕ ಕರ್ನಾಟಕ ಯೂನಿವರ್ಸಿಟಿ ಕುಲಪತಿ ಆಗಿ ಅದನ್ನ ಬೆಳೆಸಿ, ಆಮ್ಯಾಲೆ ಪಂಜಾಬ್ ರಾಜ್ಯಪಾಲರಾದ್ರು. ಈಗಿನ ಕುಲಪತಿಗಳಿಗೆ ನಂದೊಂದು ವಿನಂತಿ, ಸ್ಕಾಲರ್‌ಶಿಪ್ ತಡಾ ಆದ ಮಕ್ಕಳ ಹಾಲ್ ಟಿಕೆಟ್ ಯಾವ ಕಾಲೇಜಿನವ್ರೂ ಹಿಡೀಬಾರ್ದು ಅಂತ ಮುಂದಿನ ಸೆಮಿಸ್ಟರ್ ಒಳಗ ಒಂದು ಸರ್ಕ್ಯುಲರ್ ಹೊರಡಸ್ರಿ.