ಕನ್ನಡಿ ಮುಂದ ಧೈರ್ಯ ಬರಂಗಿಲ್ರಿ
ಹಾಡೋರ ಅಂಜಿಕಿ ಬಗ್ಗೆ ನಿಮ್ಮ ಬರಹದಾಗ, ದಿನಾ ಅರ್ಧ ತಾಸು ಕನ್ನಡಿ ಮುಂದ ನಿಂತು ಪ್ರಾಕ್ಟೀಸ್ ಮಾಡಿದ್ರ ಸ್ಟೇಜ್ ಅಂಜಿಕಿ ಹೋಗ್ತದ ಅಂತ ಬರ್ದೀರಲ್ರಿ, ಅದೊಂದು ಮಾತು ನಾ ಒಪ್ಪಂಗಿಲ್ಲ. ಕನ್ನಡಿ ಮುಂದ ಲಕ್ಷ್ಯ ಎಲ್ಲಾ ನಮ್ಮ ಮಾರಿ ಮ್ಯಾಲೇ ಇರ್ತದ, ಅಂಜಿಕಿ ಹುಟ್ಟೋದೇ ಅಲ್ಲಿಂದ. ಕಲಬುರಗಿ ಎಸ್.ಎಂ. ಪಂಡಿತ ರಂಗಮಂದಿರದಾಗ ಮೊದಲ ಸಲ ಹಾಡ್ಲಕ ನಿಂತಾಗ ಬಾಯಿ ಒಣಗಿ ನಾಲಿಗಿ ಅಂಟಿತ್ತು, ಎರಡು ತಿಂಗಳ ಕನ್ನಡಿ ಪ್ರಾಕ್ಟೀಸ್ ಎಲ್ಲಿ ಹೋಯ್ತೋ ಏನೋ, ಎರಡನೇ ನುಡಿ ಮರ್ತು ಮೊದಲಿಂದೇ ಮತ್ತ ಹಾಡಿ ಇಳದು ಬಂದೆ (ಮನ್ಯಾಗ ಈಗೂ ನಗ್ತಾರ). ಆಮ್ಯಾಲ ನಮ್ಮ ಓಣಿ ಭಜನಿ ಮ್ಯಾಳಕ್ಕ ಹೋಗ್ಲಕ ಹತ್ತಿದೆ. ಆರು ತಿಂಗಳು ಬರೇ ತಾಳ ಹೊಡದು ಹಿಂದ ದನಿಗೂಡಿಸೋದು, ತತ್ವಪದದಾಗ ಪಲ್ಲವಿ ಎಲ್ಲಾರೂ ಹಿಡೀತಾರ ನೋಡ್ರಿ, ನಡುವ ತಪ್ಪಿದ್ರೂ ಪೆಟಗಿ (ಹಾರ್ಮೋನಿಯಂ) ಬಾರ್ಸೋ ಕಾಕಾ ಮುಂದಿನ ಸಾಲು ಎತ್ತಿಕೊಡ್ತಿದ್ರು, ಪದ ನಿಲ್ತಿರ್ಲಿಲ್ಲ. ತಪ್ಪಿದ್ರೂ ಪದ ಮುಂದ ಹೋಗ್ತದ ಅಂತ ಮೈಗೆ ಗೊತ್ತಾಯ್ತಲ್ಲ, ಅವತ್ತಿಂದ ಅಂಜಿಕಿ ಕಡಿಮಿ ಆಯ್ತು, ಹೋಗಿಲ್ಲ ಮತ್ತ, ಎದಿ ಇವತ್ತಿಗೂ ಢವಢವ ಅಂತದ. ಹಾಡೋ ಮೊದಲು ಉಸಿರು ನಿಧಾನ, ಉದ್ದಕ್ಕ ಬಿಡ್ರಿ ಅಂತ ನೀವು ಬರೆದದ್ದು ಮಾತ್ರ ಖರೇ ಅದ, ನಾನೂ ಮಾಡ್ತೀನಿ.