ಸತ್ತಾಗ ಯೋಧ, ಪೆನ್ಶನ್ ಕೇಳಿದಾಗ ಪೊಲೀಸು

ಪ್ರತಿ ವರ್ಷ ಅಕ್ಟೋಬರ್ 21ಕ್ಕೆ ಪೊಲೀಸ್ ಹುತಾತ್ಮರ ದಿನ ಅಂತ ಪರೇಡ್ ಮಾಡಿ ಹೂಗುಚ್ಛ ಇಡ್ತಾರಲ್ಲ, ಅದರ ಹಿಂದಿನ ಕಥೆ ಗೊತ್ತಿರೋರು ಕಮ್ಮಿ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಹತ್ರ ಗಸ್ತಿಗೆ ಹೋಗಿ ಕಾಣೆಯಾದ ಜೊತೆಗಾರರನ್ನ ಹುಡುಕ್ಕೊಂಡು ಹೋದ ಪೊಲೀಸರ ಮೇಲೆ ಚೀನಾದವ್ರು ಗುಂಡು ಹಾರಿಸಿದ್ರು, 10 ಜನ ಸತ್ರು, ಹೆಣ ವಾಪಸ್ ಸಿಕ್ಕಿದ್ದೇ ನವೆಂಬರ್ 13ಕ್ಕೆ, ಅಲ್ಲೇ ಅಂತ್ಯಸಂಸ್ಕಾರ ಮಾಡಿದ್ರು. ಚೀನಾ ಸೈನ್ಯದ ಎದುರಿಗೆ ಪೊಲೀಸ್ರಿಗೇನು ಕೆಲಸ ಅಂತೀರಾ? ಆಗ ಆ ಗಡಿ ಕಾಯ್ತಿದ್ದೋರೇ ಅವರು.

ಆರು ವರ್ಷ ಆದ್ಮೇಲೂ ಅದೇ ಕಥೆ. 1965 ಏಪ್ರಿಲ್ 9, ಕಚ್ಛ್ ರಣದ ಸರ್ದಾರ್ ಪೋಸ್ಟ್, ಒಳಗಿದ್ದಿದ್ದು ಸಿಆರ್‌ಪಿಎಫ್, ಅಂದ್ರೆ ಕೇಂದ್ರ ಮೀಸಲು ಪೊಲೀಸ್ ಪಡೆಯ ಬರೀ ಎರಡು ಕಂಪನಿ, ಬಂದಿದ್ದು ಪಾಕಿಸ್ತಾನದ ಒಂದು ಇಡೀ ಬ್ರಿಗೇಡ್. ಆದ್ರೂ ಎದುರಿಸಿ ನಿಂತ್ರು. ಈ ಸಿಆರ್‌ಪಿಎಫ್ ಹುಟ್ಟಿದ್ದು 1939ರಲ್ಲಿ ನೀಮಚ್‌ನಲ್ಲಿ, ಬ್ರಿಟಿಷರು ಸಂಸ್ಥಾನಗಳಲ್ಲಿ ಗಲಾಟೆ ಆಗದ ಹಾಗೆ ನೋಡ್ಕೊಳ್ಳೋಕೆ ಕಟ್ಟಿದ ಪಡೆ ಅದು, ಯುದ್ಧಕ್ಕಲ್ಲ. ಆ ದಾಳಿ ಆದ್ಮೇಲೆ, ಅದೇ ವರ್ಷ ಡಿಸೆಂಬರ್ 1ಕ್ಕೆ, ಗಡಿ ಕಾಯೋಕೆ ಅಂತ್ಲೇ ಬಿಎಸ್‌ಎಫ್ ಬಂತು. ಚೀನಾ ಗಡಿ ಕಾಯೋ ಐಟಿಬಿಪಿ ಬಂದಿದ್ದು 1962 ಅಕ್ಟೋಬರ್ 24ಕ್ಕೆ, ಅಂದ್ರೆ ಚೀನಾ ಯುದ್ಧ ಶುರುವಾಗಿ ನಾಲ್ಕು ದಿನಕ್ಕೆ! ಏರ್‌ಪೋರ್ಟಿಗೆ ಕೇಂದ್ರದ ಇನ್ನೊಂದು ಪಡೆ ಸಿಐಎಸ್‌ಎಫ್ ಹಾಕಿದ್ದು 1999ರ ಕಂದಹಾರ್ ಹೈಜಾಕ್ ಆದ್ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋದು ನಮ್ಗೆ ಮೊದಲಿಂದ್ಲೂ ಅಭ್ಯಾಸ.

ಅದನ್ನೂ ಬೇಕಾದ್ರೆ ಸಹಿಸ್ಕೋಬಹುದು, ಆದ್ರೆ ಅಪಾಯವನ್ನ ಕೆಳಕೆಳಗಿನವರಿಗೆ ದಾಟಿಸ್ತಾ ಹೋಗಿ ದುಡ್ಡು ಮಾತ್ರ ಮೇಲೇ ಉಳಿಸ್ಕೊಳ್ಳೋದಿದ್ಯಲ್ಲ, ನನಗೆ ಮೈ ಉರಿಯೋದು ಅದಕ್ಕೆ. 2010ರಲ್ಲಿ ದಂತೇವಾಡದಲ್ಲಿ ಒಂದೇ ಬೆಳಗ್ಗೆ 76 ಜನ, 2019ರಲ್ಲಿ ಪುಲ್ವಾಮಾದಲ್ಲಿ 40 ಜನ ಸತ್ರು, ಬಹುತೇಕ ಎಲ್ರೂ ಸಿಆರ್‌ಪಿಎಫ್‌ನವರೇ, ಆಗ ಎಲ್ಲರ ಡಿಪಿಯಲ್ಲೂ ಮೇಣದ ಬತ್ತಿ, ಟೀವಿ ತುಂಬಾ "ನಮ್ಮ ವೀರ ಯೋಧರು". ಆದ್ರೆ ಈ ಕೇಂದ್ರ ಪಡೆಗಳಿಗೆ 2004ರ ಜನವರಿಯಿಂದ ಸೇರಿದೋರಿಗೆ ಖಾತ್ರಿ ಮೊತ್ತದ ಹಳೇ ಪೆನ್ಶನ್ ಇಲ್ಲ, ಸೇನೆಗೆ ಉಂಟು ಇವರಿಗಿಲ್ಲ. 2023ರಲ್ಲಿ ದೆಹಲಿ ಹೈಕೋರ್ಟು ಇವರೂ ಸಶಸ್ತ್ರ ಪಡೆಗಳೇ, ಹಳೇ ಪೆನ್ಶನ್ ಕೊಡಿ ಅಂದ್ರೆ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಗಿ ಸ್ಟೇ ತಂತು. ಚುನಾವಣೆ, ಗಲಭೆ, ಪ್ರವಾಹ, ಕಾಶ್ಮೀರ, ಬಸ್ತರ್, ಎಲ್ಲಾದಕ್ಕೂ ಇವರೇ ಬೇಕು, ಲೆಕ್ಕ ಹಾಕೋವಾಗ ಮಾತ್ರ ಗೃಹ ಇಲಾಖೆ ನೌಕರರು. ಇನ್ನು 1835ರಷ್ಟು ಹಳೇ ಅಸ್ಸಾಂ ರೈಫಲ್ಸ್ ಅಂತೂ ಆಡಳಿತಕ್ಕೆ ಗೃಹ ಇಲಾಖೆ, ಕಾರ್ಯಾಚರಣೆಗೆ ಸೇನೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು.

ಇನ್ನೊಂದು ಮೆಟ್ಟಿಲು ಕೆಳಗೆ ಬನ್ನಿ, ಹೋಮ್ ಗಾರ್ಡ್ಸು. 1946ರಲ್ಲಿ ಬಾಂಬೆಯಲ್ಲಿ ಶುರುವಾಗಿದ್ದು, ಹೆಸರಿಗೆ ಸ್ವಯಂಸೇವಕರು, ಹಾಗಾಗಿ ಸಂಬಳ ಅಲ್ಲ, ಡ್ಯೂಟಿ ಭತ್ಯೆ. ಕಾನ್‌ಸ್ಟೆಬಲ್‌ಗೆ ಸಿಗೋ ಕನಿಷ್ಠ ವೇತನದ ಲೆಕ್ಕದಲ್ಲಾದ್ರೂ ಕೊಡಿ ಅಂತ 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು ನೋಡಿ.

ತೀರಾ ಕೆಳಗಿದ್ದಿದ್ದು ಸಾಲ್ವಾ ಜುಡುಂ, ಛತ್ತೀಸ್‌ಗಢದಲ್ಲಿ ಸರ್ಕಾರದ ಬೆಂಬಲದಲ್ಲಿ ಮಾವೋವಾದಿಗಳ ವಿರುದ್ಧ ಕಟ್ಟಿದ ಗುಂಪು. 2005ರಿಂದ ಬಸ್ತರಿನ ಆದಿವಾಸಿ ಹುಡುಗ್ರನ್ನ ಎಸ್‌ಪಿಒ, ಅಂದ್ರೆ ವಿಶೇಷ ಪೊಲೀಸ್ ಅಧಿಕಾರಿ ಅಂತ ಮಾಡಿ, ಐದನೇ ಕ್ಲಾಸ್ ಓದಿದ್ರೆ ಸಾಕು, ಎರಡು ತಿಂಗಳು ಟ್ರೈನಿಂಗು, ತಿಂಗಳಿಗೆ 3000 ರೂಪಾಯಿ ಗೌರವಧನ, ತಗೋ ಬಂದೂಕು, ಹೋಗಿ ಮಾವೋವಾದಿಗಳ ಜೊತೆ ಬಡಿದಾಡು ಅಂತ ಕಳಿಸಿದ್ರು. ಬಡಿದಾಟದಲ್ಲಿ ಸುಟ್ಟಿದ್ದು ಅವರದೇ ಜನರ ಹಳ್ಳಿಗಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಬಾಹಿರ ಅಂದಾಗ ನಾನೂ ಮುಗೀತಲ್ಲ ಅಂತ ನಿಟ್ಟುಸಿರು ಬಿಟ್ಟಿದ್ದೆ. ಅದೇ ವರ್ಷ ಛತ್ತೀಸ್‌ಗಢ ಸರ್ಕಾರ ಸಹಾಯಕ ಸಶಸ್ತ್ರ ಪಡೆ ಅಂತ ಹೊಸ ಕಾನೂನು ತಂದು ಅವರನ್ನೇ ವಾಪಸ್ ತಗೊಳ್ತು. ಈಗಿನ ಡಿಆರ್‌ಜಿ, ಅಂದ್ರೆ ಜಿಲ್ಲಾ ಮೀಸಲು ಪಡೆಯಲ್ಲಿ ಶರಣಾದ ಮಾವೋವಾದಿಗಳೂ ಇದಾರೆ, ಕಾಡಿಗೆ ಮೊದಲು ನುಗ್ಗೋರು ಈ ಸ್ಥಳೀಯ ಹುಡುಗ್ರೇ. ಬಂದೂಕು ಕೊಡೋದಾದ್ರೆ ಪೂರ್ತಿ ಟ್ರೈನಿಂಗು, ಪೂರ್ತಿ ಸಂಬಳ, ಪೆನ್ಶನ್ನು ಎಲ್ಲಾ ಕೊಡಿ, ಕೊಡೋಕಾಗಲ್ವಾ, ಬಂದೂಕೂ ಕೊಡಬೇಡಿ.